ಮೂಗಿನಮ್ಮನ ಕಣ್ಣು

ಯಾರೋ ಹಾದುಹೋದರು, ಹೋದವರ ಹಿಂದೆ ಹಸಿ ಗೋಂದಿನ ವಾಸನೆ, ಪಾಪ, ಪೋಸ್ಟರನ್ನು ಈಗಷ್ಟೇ ಅಂಟಿಸಿ ತಂದಿರಬೇಕು, ಗೋಂದಿನ ಬೆನ್ನಿಗೇ ನೆಲ ಒರೆಸಿದ ಫಿನಾಯಿಲು, ಅದರ ಬೆನ್ನಿಗೆ ಪಕ್ಕದ ಮೇಜಿನ ಹುಡುಗಿಯ ಕೂದಲಿನ ಶಾಂಪೂ — ವರ್ಷವಿಡೀ ವಾಸನೆಯ ಬೆನ್ನು ಹತ್ತಿ ಅವಳಿಗೀಗ ಕಣ್ಣಿಗಿಂತ ಮೊದಲು ಮೂಗು ತೆರೆಯುತ್ತದೆ, ಕಾಲೇಜಿನ ದೊಡ್ಡ ಸಭಾಂಗಣ, ಪದವಿ ಮಕ್ಕಳ ಸಂಶೋಧನಾ ದಿನ, ಗೋಡೆಯುದ್ದಕ್ಕೂ ಪೋಸ್ಟರುಗಳು, ನಿದ್ದೆಗೆಟ್ಟವರ ನೆನಪು, ಮೊಬೈಲು ಮತ್ತು ಒಂಟಿತನ, ಬಾವಿ ನೀರಿನ ಕ್ರಿಮಿ, ನಡುವೆ ಅವಳದು, ಕೆಲಸವು ಮೂಗನ್ನು ಚುರುಕು ಮಾಡುತ್ತದೆಯೇ, ಕೊನೆಯ ಪ್ರಶ್ನಾರ್ಥಕ ಚಿಹ್ನೆ ಗೈಡ್ ಮೇಡಂ ಹಾಕಿಸಿದ್ದು, ಉತ್ತರ ಗೊತ್ತು ಅನ್ನೋ ಹಾಗೆ ಬರೀಬೇಡ, ಗೊತ್ತಿಲ್ಲ ಅಂತ ತಾನೇ ಹುಡುಕ್ತಿರೋದು. ಮೇಜಿನ ಮೇಲೆ ಕರಿ ಕಾಗದ ಸುತ್ತಿದ ಪುಟ್ಟ ಸೀಸೆಗಳು, ಒಳಗೆ ಹತ್ತಿ, ಹತ್ತಿಯಲ್ಲಿ ಲವಂಗ, ಕಾಫಿ, ನಿಂಬೆ ಸಿಪ್ಪೆ, ಸೀಮೆಎಣ್ಣೆ, ಹೀಗೆ ಒಂದೊಂದು, ಮೂಸಿ ನೋಡಿ, ನಾನು ನಾಲ್ಕು ಹೆಸರು ಹೇಳ್ತೀನಿ, ಯಾವುದು ಅಂತ ಹೇಳಿ, ಅಷ್ಟೇ ಪ್ರಯೋಗ, ಮಕ್ಕಳಾಟ ಅನ್ನಿಸುವಷ್ಟು ಸರಳ. ಪೋಸ್ಟರಿನ ಚಿತ್ರದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆ, ಹೆಚ್ಚು ಸರಿ ಹೇಳಿದಷ್ಟೂ ಮೇಲೆ, ಗುಮಾಸ್ತರ ಚುಕ್ಕೆಗಳು ನಡುವೆ, ಸೋಪು ಕಾರ್ಖಾನೆಯವರದು ಸ್ವಲ್ಪ ಮೇಲೆ, ಹಾಲಿನ ಡೈರಿಯವರದು ಎಲ್ಲಕ್ಕಿಂತ ಮೇಲೆ ಗುಂಪು ಕಟ್ಟಿಕೊಂಡಿವೆ — ಒಂದನ್ನು ಬಿಟ್ಟು, ಆ ಒಂದು ಚುಕ್ಕೆ ತಳದಲ್ಲಿ ಕೂತಿದೆ, ನೋಡಬೇಡ, ನೋಡಬಾರದು ಎಂದುಕೊಂಡಷ್ಟೂ ಅವಳ ಕಣ್ಣು ಅಲ್ಲಿಗೇ ಹೋಗುತ್ತದೆ.

ಡೈರಿಯಲ್ಲಿ ಅವಳ ಅಮ್ಮ ಕ್ಯಾನು ಮೂಸುವವಳು, ಮೂಸೋದೂ ಒಂದು ಕೆಲಸವೇ ಎಂದು ಕೇಳಿದವರು ನಗುತ್ತಾರೆ, ನಗಲಿ, ಹಾಲಿಗೆ ನೀರು ಬೆರೆಸಿದ್ದನ್ನು ಯಂತ್ರ ಹಿಡಿಯಬಹುದು, ಕೊಬ್ಬನ್ನು ಅಳೆಯಬಹುದು, ಆದರೆ ಲಾರಿಯಿಂದ ಇಳಿದ ಕ್ಯಾನಿನ ಮುಚ್ಚಳ ತೆಗೆದ ಗಳಿಗೆಯಲ್ಲೇ ಬಗ್ಗಿ, ಒಂದೇ ಉಸಿರಿಗೆ, ಇದು ಹುಳಿಗೆ ತಿರುಗ್ತಾ ಇದೆ, ಪಕ್ಕಕ್ಕಿಡು ಎನ್ನಬೇಕಾದರೆ ಮೂಗೇ ಬೇಕು, ಒಂದು ಕೆಟ್ಟ ಕ್ಯಾನು ಒಳಗೆ ಬಿದ್ದರೆ ಇಡೀ ಟ್ಯಾಂಕು ಹೋಯಿತು. ಡೈರಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಮೂಗಿನಮ್ಮ, ಮ್ಯಾನೇಜರೂ ಹಾಗೇ ಕರೆಯುವುದು, ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ ಎಂದು ಅಮ್ಮ ಮನೆಗೆ ಬಂದು ಮುಖ ತೊಳೆಯುತ್ತಾ ಹೇಳುತ್ತಿದ್ದ ಮಾತು, ಹಾಲು ತರೋರು ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋ ಜನ, ಮುಚ್ಚಳ ತೆಗೆಯೋಕೆ ಮುಂಚೆ ಅರ್ಧ ಹಾಲು ಅವರ ಮುಖದಲ್ಲೇ ಇರುತ್ತೆ, ಇಬ್ಬರೂ ನಗುತ್ತಿದ್ದರು, ಆ ಮೂಗು ದುಡಿದೇ ಅಪ್ಪನಿಲ್ಲದ ಮನೆ ನಡೆದದ್ದು, ಆ ಮೂಗು ಓದಿಸಿದ್ದರಿಂದಲೇ ಅವಳು ಇಲ್ಲಿ ನಿಂತಿರುವುದು. ಅದಕ್ಕೇ ವಿಷಯ ಆರಿಸು ಎಂದಾಗ ಬೇರೆಯವರೆಲ್ಲ ತಲೆ ಕೆರೆದುಕೊಂಡರೆ ಅವಳು ಥಟ್ಟನೆ ಮೂಗು ಎಂದಳು, ಇಡೀ ತರಗತಿ ನಕ್ಕಿತು, ಅವಳೂ ನಕ್ಕಳು, ಆ ಸಂಜೆಯೇ ಸೀಸೆಗಳನ್ನು ಮನೆಗೆ ಒಯ್ದು ಅಮ್ಮನನ್ನು ಎದುರಿಗೆ ಕೂರಿಸಿದಳು, ಲವಂಗವಾ, ಸೋಪಾ, ಕಾಫಿಯಾ, ನಿಂಬೆಯಾ, ಅಮ್ಮ ಒಂದೂ ತಪ್ಪಲಿಲ್ಲ, ಅವಳಿಗೆ ಹೆಮ್ಮೆಯೋ ಹೆಮ್ಮೆ, ಆದರೆ ಸೀಸೆ ಮೂಗಿನ ಹತ್ತಿರವಿದ್ದಾಗ ಅಮ್ಮನ ಕಣ್ಣು ಸೀಸೆಯ ಮೇಲಿರಲಿಲ್ಲ — ಇದು ಆವತ್ತೇ ಕಂಡಿತ್ತೋ, ಈಗ ತಾನೇ ಕಟ್ಟಿಕೊಳ್ಳುತ್ತಿದ್ದಾಳೋ, ಇಲ್ಲ, ಕಂಡಿತ್ತು, ಕಣ್ಣು ಅವಳ ಮುಖದ ಮೇಲಿತ್ತು, ಮಗಳನ್ನು ಅಕ್ಕರೆಯಿಂದ ನೋಡುತ್ತಿದ್ದಾಳೆ ಎಂದುಕೊಂಡಿದ್ದಳು.

ಅಮ್ಮನಿಗೆ ಸೀಸೆ ಕೊಟ್ಟವರು ಯಾರು, ಮಾರನೆಯ ದಿನ ಗೈಡ್ ಮೇಡಂ ಕನ್ನಡಕ ಇಳಿಸಿ ಕೇಳಿದರು, ನಾನೇ ಮೇಡಂ, ಯಾವುದರಲ್ಲಿ ಏನಿದೆ ಅಂತ ನಿನಗೆ ಗೊತ್ತಿತ್ತಾ, ಗೊತ್ತಿತ್ತು ಮೇಡಂ, ನಾನೇ ತುಂಬಿಸಿದ್ದು, ಹಾಗಾದ್ರೆ ಅದು ನಿಮ್ಮಮ್ಮನ ಮೂಗಿನ ಪರೀಕ್ಷೆ ಅಲ್ಲಮ್ಮ, ನಿನ್ನ ಮುಖದ ಪರೀಕ್ಷೆ. ಈಗ ನನಗೇ ಮಾಡಿ ತೋರಿಸು ಎಂದು ಅವರು ಮೂಗನ್ನು ಬೆರಳಿನಿಂದ ಬಿಗಿಯಾಗಿ ಹಿಡಿದುಕೊಂಡೇ ಮೂರಕ್ಕೆ ಮೂರೂ ಸರಿ ಹೇಳಿಬಿಟ್ಟರು, ಸರಿಯಾದ ಹೆಸರು ಬಂದಾಗ ನಿನ್ನ ಎಡ ಹುಬ್ಬು ಒಂಚೂರು ಏಳುತ್ತೆ, ನಿನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿರಲ್ಲ, ಅದಕ್ಕೇ ಕೊಡೋರಿಗೂ ಒಳಗೇನಿದೆ ಅಂತ ಗೊತ್ತಿರಬಾರದು. ಆಮೇಲೆ ಸೀಸೆ ತುಂಬಿಸುವುದು ಅವಳ ಪಾಲಿಗೆ, ಹೋಗಿ ಮೂಸಿಸುವುದು ಜೊತೆಗಾತಿಯ ಪಾಲಿಗೆ, ಜೊತೆಗಾತಿಯನ್ನು ಎಲ್ಲರೂ ಗುಬ್ಬಿ ಎನ್ನುತ್ತಾರೆ, ಗಾತ್ರ ಹಾಗಿದೆ, ಅಮ್ಮನನ್ನು ಅವಳು ಯಾವತ್ತೂ ನೋಡಿದವಳಲ್ಲ, ಅದೇ ಒಳ್ಳೆಯದಾಯಿತು ಎಂದು ಡೈರಿಗೆ ಕಳಿಸಿದ್ದು, ಹೆಸರು ಬರೆಯುವಂತಿಲ್ಲ, ಯಾರು ಏನು ಹೇಳಿದರೆಂದು ಬಾಯಿ ಬಿಡುವಂತಿಲ್ಲ, ನಿಯಮ. ಗುಬ್ಬಿ ನಿಯಮ ಮುರಿಯಲಿಲ್ಲ, ಫಲಿತಾಂಶವನ್ನು ಗುಡ್ಡೆ ಹಾಕಿ ಕೊಟ್ಟಳು, ಅವಳು ಚುಕ್ಕೆ ಹಾಕುತ್ತಾ ಬಂದಳು, ತಳದ ಚುಕ್ಕೆ ಕಂಡು, ಇವರಿಗೆ ನೆಗಡಿ ಇತ್ತೇನೋ ಎಂದಳು, ಇಲ್ಲ ಕಣೇ, ನೆಗಡಿ ಇದ್ದೋರನ್ನ ತಗೊಂಡೇ ಇಲ್ಲ, ಪಾಪ ಅನ್ನಿಸ್ತು, ಅವರು ಸೀಸೆನೇ ನೋಡ್ಲಿಲ್ಲ, ಪೂರ್ತಿ ಹೊತ್ತು ನನ್ನ ಮುಖಾನೇ ನೋಡ್ತಿದ್ರು, ನಾನೇನೋ ಬಚ್ಚಿಟ್ಟಿದ್ದೀನಿ ಅನ್ನೋ ಹಾಗೆ. ಪೆನ್ಸಿಲು ಆ ಚುಕ್ಕೆಯ ಮೇಲೇ ನಿಂತದ್ದು ಆಗ, ಮುಂದಿನ ಚುಕ್ಕೆಗೆ ಸರಿದದ್ದೂ ಆಗಲೇ, ಡೈರಿಯಲ್ಲಿ ಎಷ್ಟೊಂದು ಜನ, ಪ್ಯಾಕಿಂಗಿನವರಿದ್ದಾರೆ, ತೊಳೆಯುವವರಿದ್ದಾರೆ, ಯಾರಾದರೂ ಇರಬಹುದು, ಯಾರಾದರೂ.

ಯಾರಾದರೂ ಇರಬಹುದು, ಸರಿ, ಹಾಗಾದರೆ ಆವತ್ತು ಒಲೆಯ ಮೇಲೆ ಪಾತ್ರೆ ತಳ ಹತ್ತಿ ಕರಕಲಾಗಿ ವಾಸನೆ ಬೀದಿಗೆ ಬಂದಿತ್ತಲ್ಲ, ಅವಳು ಗೇಟಿನಿಂದ ಓಡಿ ಬಂದರೆ ಅಮ್ಮ ಒಲೆಗೆ ಬೆನ್ನು ಹಾಕಿ ಬಟ್ಟೆ ಮಡಚುತ್ತಾ ಕೂತಿದ್ದಾಳೆ, ಏನೋ ಯೋಚನೆಯಲ್ಲಿದ್ದೆ ಕಣೇ ಎಂದಳು, ಹಿಂದಿನ ವರ್ಷ ಆ ಜ್ವರ ಬಂದು ಹೋದ ಮೇಲೆ ಬಾಯಿಗೆ ರುಚಿಯೇ ಇಲ್ಲ ಎನ್ನುತ್ತಿದ್ದವಳು ಒಂದು ದಿನ ಇದ್ದಕ್ಕಿದ್ದಂತೆ ಆ ಮಾತನ್ನೇ ನಿಲ್ಲಿಸಿದಳು, ಗುಣವಾಯಿತು ಎಂದು ತಾನೇ ಇವಳು ತಿಳಿದದ್ದು, ದಿನಾ ಸಂಜೆ, ಇದನ್ನ ಸ್ವಲ್ಪ ನೋಡೇ, ಹಳಸಿದೆಯಾ, ನೀನು ದೊಡ್ಡ ಸಂಶೋಧಕಿ ಅಲ್ವಾ — ತಮಾಷೆ ಎಂದು ತಾನೇ ತಿಳಿದದ್ದು. ದೀಪದ ಬುಡದಲ್ಲೇ ಕತ್ತಲು, ಊರವರ ಮೂಗನ್ನೆಲ್ಲ ಅಳೆಯಲು ಹೋದವಳು ಮನೆಯ ಮೂಗನ್ನು ನೋಡಲಿಲ್ಲ. ಹಾಗಾದರೆ ಇಷ್ಟು ದಿನ ಕ್ಯಾನುಗಳನ್ನು — ತಂದವನ ಮುಖ ನೋಡಿ, ಅರ್ಧ ಅಲ್ಲ, ಪೂರ್ತಿ ಮುಖ ನೋಡಿಯೇ, ಕಳ್ಳಮುಖ ಕಂಡರೆ ಪಕ್ಕಕ್ಕಿಡು, ನೆಟ್ಟಗೆ ನೋಡಿದರೆ ಒಳಗೆ ಸುರಿ, ಆದರೆ ಹಾಲು ಕೆಟ್ಟದ್ದು ತನಗೇ ಗೊತ್ತಿಲ್ಲದ ಒಬ್ಬ ಅಮಾಯಕ ತಂದರೆ ಮುಖದಲ್ಲಿ ಏನು ತಾನೇ ಕಾಣಬೇಕು, ಹೋದ ತಿಂಗಳು ಇಡೀ ಟ್ಯಾಂಕು ಹುಳಿಯಾಯಿತಲ್ಲ, ತಂಪಿನ ಯಂತ್ರದ ತಪ್ಪು ಎಂದು ಪಕ್ಕದ ಮನೆಯ ಮೆಕ್ಯಾನಿಕ್ ಮಾವನನ್ನು ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿ ಕೂರಿಸಿದರಲ್ಲ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಯಂತ್ರ ಚೆನ್ನಾಗೇ ಇತ್ತಮ್ಮ, ನನ್ನ ಕೈಯಾರೆ ನೋಡಿದ್ದೆ ಎಂದು ಮಾವ ಮೆಟ್ಟಿಲ ಮೇಲೆ ಕೂತು ಹೋಗಿ ಬರುವವರಿಗೆಲ್ಲ ಹೇಳುತ್ತಾರೆ, ಈಗೀಗ ಯಾರೂ ನಿಂತು ಕೇಳುವುದಿಲ್ಲ, ಅಮ್ಮ ಅವರ ಮನೆ ದಾಟುವಾಗ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸುತ್ತಾಳೆ, ನನ್ನ ಕೈ ದಾಟಿದಾಗ ಹಾಲು ಸರಿಯಿತ್ತು ಎಂದು ಮ್ಯಾನೇಜರ ಮುಂದೆ ಹೇಳಿದವಳು ಅವಳೇ, ಸೋಮವಾರ ಕೊನೆಯ ವಿಚಾರಣೆ, ಅಲ್ಲೂ ಅದನ್ನೇ ಹೇಳುತ್ತಾಳೆ, ಮಾವನ ಕೆಲಸ ಹೋಗುತ್ತದೆ, ಹೇಳದಿದ್ದರೆ ಅಮ್ಮನದು ಹೋಗುತ್ತದೆ. ಅಲ್ಲಿಯವರೆಗೆ ಇನ್ನೆಷ್ಟು ಕ್ಯಾನು, ಆ ಹಾಲನ್ನು ಯಾರ ಮನೆಯ ಕೂಸು ಕುಡಿಯುತ್ತದೋ, ಅಮ್ಮನ ಮೇಲೆ ಸಿಟ್ಟು ಬರುತ್ತದೆ, ಸಿಟ್ಟು ಬಂದಷ್ಟೇ ಬೇಗ ಅಯ್ಯೋ ಎನ್ನಿಸುತ್ತದೆ, ಒಂದು ವರ್ಷ ಒಬ್ಬಳೇ, ಯಾರಿಗೂ ಹೇಳದೆ, ದಿನಾ ಬೆಳಿಗ್ಗೆ ಬಗ್ಗಿ ಬಗ್ಗಿ ಏನೂ ಇಲ್ಲದ ಗಾಳಿಯನ್ನು ಎಳೆದುಕೊಳ್ಳುತ್ತಾ, ಎಷ್ಟು ಹೆದರಿರಬೇಕು.

ಬೆಳಿಗ್ಗೆ ಹೇಳಿದ್ದಳು, ಅಮ್ಮ, ಇವತ್ತು ಬರಬೇಡ, ತುಂಬಾ ಜನ ಇರ್ತಾರೆ, ಸುಸ್ತಾಗ್ತೀಯ ಎಂದು, ಅಮ್ಮ ಕೇಳಲಿಲ್ಲ, ಅರ್ಧ ದಿನ ರಜೆ ಹಾಕಿದ್ದೀನಿ ಕಣೇ, ನನ್ನ ಮೂಗಿಂದ ಹುಟ್ಟಿದ ಪಾಠ ನಾನೇ ನೋಡ್ದಿದ್ರೆ ಹೇಗೆ. ಈಗ ತೀರ್ಪುಗಾರರು ಬಂದಿದ್ದಾರೆ, ವಯಸ್ಸಾದ ಡಾಕ್ಟರು, ಮೂಗು ಗಂಟಲಿನವರೇ, ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ಚಿತ್ರ ನೋಡುತ್ತಾರೆ, ಅವರ ಬೆರಳು ನೇರ ತಳದ ಚುಕ್ಕೆಗೇ ಹೋಗುತ್ತದೆ, ಇದನ್ನ ಯಾಕೆ ಬಿಟ್ಟುಬಿಡಲಿಲ್ಲ, ಬಿಟ್ಟಿದ್ದರೆ ನಿಮ್ಮ ಲೆಕ್ಕ ಚೆಂದ ಬರ್ತಿತ್ತಲ್ಲ, ಇರೋದನ್ನ ಬಿಡಬಾರದು ಅಂತ ನಮ್ಮ ಮೇಡಂ ಹೇಳಿದ್ರು ಸರ್, ಒಳ್ಳೇದು, ಇಂಥವರು ನನ್ನ ಹತ್ತಿರ ಬರ್ತಾರಮ್ಮ, ತೀರಾ ತಡ ಮಾಡಿ ಬರ್ತಾರೆ, ಕಣ್ಣು ಹೋದ್ರೆ ಮನೆಯೋರಿಗೆ ಗೊತ್ತಾಗುತ್ತೆ, ಮೂಗು ಹೋಗಿದ್ದು ಹೋದವರಿಗೆ ಮಾತ್ರ ಗೊತ್ತು, ಬೇಗ ಬಂದ್ರೆ ಕೆಲವರಿಗೆ ಏನಾದ್ರೂ ಮಾಡಬಹುದು, ಯಾರಿದು, ಹೆಸರು ನಮಗೂ ಗೊತ್ತಿರಲ್ಲ ಸರ್ — ಎನ್ನುವಷ್ಟರಲ್ಲಿ ಡೈರಿಯ ಸಮವಸ್ತ್ರದ ಮೇಲೆ ಒಗೆದ ಸ್ವೆಟರು ಹಾಕಿಕೊಂಡು ಅಮ್ಮ, ಬಾಗಿಲಿನಿಂದ ಮಗಳನ್ನು ಹುಡುಕುತ್ತಾ ಬರುತ್ತಿದ್ದಾಳೆ, ಬರಲಿ, ಬರಲಿ, ಇದೊಂದು ಗಳಿಗೆ ದಾಟಿಬಿಟ್ಟರೆ ಸಾಕು, ಅವಳು ಗುಬ್ಬಿಯ ಕಡೆ ತಿರುಗಿ, ನಮ್ಮಮ್ಮ ಕಣೇ ಎಂದಳು, ಗುಬ್ಬಿ ನಗುತ್ತಾ ಕತ್ತೆತ್ತಿದಳು, ನಗು ಅರ್ಧಕ್ಕೇ ನಿಂತಿತು, ಅಮ್ಮನನ್ನು ನೋಡಿದಳು, ಚುಕ್ಕೆಯನ್ನು ನೋಡಿದಳು, ಆಮೇಲೆ ತನ್ನ ಚಪ್ಪಲಿಯನ್ನು. ಗುಬ್ಬಿ ಈಗಲೂ ನಿಯಮ ಮುರಿಯಲಿಲ್ಲ. ಗುಬ್ಬಿಯ ಮುಖವೇ ಸಾಕಿತ್ತು, ಅವಳೂ ಮೂಗಿನಮ್ಮನ ಮಗಳಲ್ಲವೇ, ಓದಲು ಬರುತ್ತದೆ, ಇನ್ನು ಯಾರಾದರೂ ಇರಬಹುದು ಎನ್ನುವಂತಿಲ್ಲ.

ಡೈರಿಯವರಾ, ಬನ್ನಿ ಬನ್ನಿ ಎನ್ನುತ್ತಿದ್ದಾರೆ ಡಾಕ್ಟರು, ನಿಮ್ಮಂಥವರ ಮೂಗಿನ ಮುಂದೆ ನಾವೆಲ್ಲ ಏನು, ಒಂದು ಸೀಸೆ ನೋಡಿ, ಮಕ್ಕಳ ಪ್ರಯೋಗ ಹೇಗಿದೆ ಅಂತ ನಾನೂ ನೋಡ್ತೀನಿ, ಗುಬ್ಬಿ ಕೈ ಚಾಚುವುದಿಲ್ಲ, ಕೊನೆಗೆ ಮಗಳೇ ಒಂದನ್ನು ಎತ್ತಿ ಕೊಡುತ್ತಾಳೆ, ಅಡಿಯ ಗುರುತು ಕಂಡಿತು, ಲವಂಗ, ಕಾಣದಿದ್ದರೆ ಚೆನ್ನಾಗಿತ್ತು, ಈಗ ಗೊತ್ತಿದೆ, ಎಡ ಹುಬ್ಬು ಒಂಚೂರು ಎದ್ದರೆ ಸಾಕು, ಅಮ್ಮ ಗೆದ್ದಳು, ಡಾಕ್ಟರು ತಲೆದೂಗುತ್ತಾರೆ, ಸಂಜೆ ಇಬ್ಬರೂ ಮಾತಾಡುತ್ತಾ ಮನೆಗೆ ಹೋಗಬಹುದು, ಮೆಟ್ಟಿಲ ಮೇಲೆ ಮಾವ ಕೂತಿರುತ್ತಾರೆ, ಸೋಮವಾರ ಬರುತ್ತದೆ, ಮುಚ್ಚಳ ತೆಗೆಯುತ್ತಾರೆ, ಅಮ್ಮ ಬಗ್ಗುತ್ತಾಳೆ — ಎದ್ದುಬಿಡುತ್ತದೆ ಹುಬ್ಬು, ತಡೆಯಲು ಅವಳಿಂದಾಗದು, ಅವಳು ಗೋಡೆಯ ಕಡೆ ತಿರುಗಿದಳು, ಪೋಸ್ಟರಿಗೆ ಹೇಳುವಂತೆ ಹೇಳಿದಳು, ಸೋಪು, ನಿಂಬೆ, ಲವಂಗ, ಕಾಫಿ. ಹಿಂದೆ ಉಸಿರೆಳೆದ ಸದ್ದು, ಮತ್ತೊಮ್ಮೆ ಎಳೆದ ಸದ್ದು, ಆಮೇಲೆ ಅಮ್ಮನ ದನಿ, ಮೆಲ್ಲಗೆ, ಚಿಕ್ಕಂದಿನಲ್ಲಿ ಜಡೆ ಹಾಕುವಾಗ ಹೇಳುತ್ತಿದ್ದ ಅದೇ ದನಿ, ಆ ಕಡೆ ಯಾಕೆ ತಿರುಗಿದ್ದೀಯ, ಈ ಕಡೆ ನೋಡು ಮಗಳೇ. ತಿರುಗಿದಳು, ತಿರುಗದೆ ಹೇಗಿರುವುದು, ಹಲ್ಲು ಕಚ್ಚಿದ್ದಾಳೆ, ಹುಬ್ಬು ಏಳುತ್ತಿಲ್ಲ, ಏಳಗೊಡುವುದಿಲ್ಲ, ಕರಿ ಕಾಗದದ ಸೀಸೆ ಅಮ್ಮನ ಮೂಗಿನ ಕೆಳಗೆ, ಸೀಸೆಯ ಅಂಚಿನ ಮೇಲಿಂದ ಅಮ್ಮನ ಕಣ್ಣು, ಸೀಸೆಯನ್ನು ನೋಡುತ್ತಿಲ್ಲ, ಅವಳನ್ನು ನೋಡುತ್ತಿದೆ, ಎಡ ಹುಬ್ಬಿನಿಂದ ಬಲಕ್ಕೆ, ತುಟಿಗೆ, ಮತ್ತೆ ಎಡ ಹುಬ್ಬಿಗೆ, ಹುಡುಕುತ್ತಿದೆ, ಆ ಕಣ್ಣು, ಇನ್ನೂ ಹುಡುಕುತ್ತಲೇ ಇದೆ