ಅರ್ಧಕ್ಕೆ ನಿಂತ ಕೂಗು

ಹಜ್ ಯಾತ್ರೆಯ ಚೀಟಿ ಎತ್ತಿದಾಗ ಮಹ್ಜೂಬಾಳ ಹೆಸರು ಬಂದಿದೆ ಎಂದು ತಿಳಿದ ದಿನ ಮೊರಾಕ್ಕೊದ ಕಡಲತಡಿಯ ಊರು ಆಸ್ಫಿಯಲ್ಲಿ ನಮ್ಮ ಬೀದಿಗೆ ಬೀದಿಯೇ ಹಿಗ್ಗಿತು. ಅವಳ ಹಾಡಿನ ಗುಂಪಿನ ನಾವು ಮೂವರು ಮಾತ್ರ ಸಾವಿನ ಮನೆಯವರ ಹಾಗೆ ಮೋರೆ ಇಳಿಬಿಟ್ಟು ಕೂತಿದ್ದೆವು. ಯಾಕೆ ಅಂತೀರಾ? ಹಜ್‌ಗೆ ಹೋಗಿಬಂದ ಶೀಖಾ ಮತ್ತೆ ಹಾಡುವುದಿಲ್ಲ. ಹಾಗೆಂದು ಎಲ್ಲಿ ಬರೆದಿದೆಯೋ ನನಗೆ ಗೊತ್ತಿಲ್ಲ, ನಮ್ಮಲ್ಲಿ ಅದು ಹಾಗೇ. ಮಹ್ಜೂಬಾ ಹಾಡದಿದ್ದರೆ ನಮ್ಮ ಗುಂಪೇ ಇಲ್ಲ.

ಶೀಖಾ ಎಂದರೆ ಮದುವೆಮನೆಗಳಲ್ಲಿ ಗಂಡಸರ ಎದುರು ನಿಂತು ಐತಾ ಹಾಡುವವಳು. ಐತಾ ಎಂದರೆ ಕೂಗು. ಆ ಕೂಗಿಲ್ಲದೆ ಆಸ್ಫಿಯವರಿಗೆ ಮದುವೆ ಮದುವೆಯೇ ಅಲ್ಲ. ಆದರೆ ಮದುವೆ ಮುಗಿದ ಮಾರನೆಯ ದಿನ ಅದೇ ಶೀಖಾ ಎದುರಿಗೆ ಬಂದರೆ ಮೂಗು ಮುರಿಯುತ್ತಾರೆ. ಮಗಳು ಸ್ವಲ್ಪ ಗಟ್ಟಿಯಾಗಿ ನಕ್ಕರೆ ಸಾಕು, "ಶೀಖಾ ಆಗ್ತೀಯೇನೇ?" ಎಂದು ಬೈಯುತ್ತಾರೆ. ಈ ಬೈಗುಳ ತಿಂದೇ ಬೆಳೆದವಳು ನಾನು.

ನಮ್ಮ ಗುಂಪಿನ ಹೆಸರು ಸರ್ದೀನ್. ಹೌದು, ಬೂತಾಯಿ ಮೀನು. ಮಹ್ಜೂಬಾಳ ಮಗ ಲಾರ್ಬಿ ರ‍್ಯಾಪ್ ಮಾಡುವವನು. ಬುಶ್ತಾ ಪಿಟೀಲನ್ನು ನಮ್ಮ ಕಡೆಯವರ ಹಾಗೆ ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ಬಾರಿಸುವವನು. ನಾನು, ಘಾಲಿಯಾ, ತಾಳದ ಯಂತ್ರದ ಹಿಂದೆ ನಿಲ್ಲುವವಳು. ಮೊದಮೊದಲು ನಾವು ಬರೀ ಹಿಪ್ ಹಾಪ್. ಅಮೆರಿಕದ ಹುಡುಗರ ಹಾಗೆ ದೊಗಳೆ ಪ್ಯಾಂಟು ಹಾಕಿಕೊಂಡು, ಕಣ್ಣಲ್ಲೂ ಕಾಣದ ಬೀದಿಗಳ ಮೇಲೆ ಸಿಟ್ಟು ಮಾಡುತ್ತಿದ್ದೆವು. ಯುವಜನ ಕೇಂದ್ರದ ನಮ್ಮ ಮೊದಲ ಕಾರ್ಯಕ್ರಮದಲ್ಲಿ ಯಾವನೋ "ಮೀನಿನ ವಾಸ್ನೆ ಕಣ್ರೋ, ಇಳೀರೋ ಕೆಳಗೆ!" ಎಂದು ಕೂಗಿದ. ಬುಶ್ತಾ ಮೀನು ಡಬ್ಬಿ ಮಾಡುವ ಕಾರ್ಖಾನೆಯಿಂದ ನೇರ ಬಂದಿದ್ದ, ವಾಸನೆ ನಿಜವೇ. ಲಾರ್ಬಿಗೆ ರೇಗಿ, "ಹೌದು ಕಣೋ, ಬೂತಾಯಿಗಳೇ ನಾವು, ಏನೀಗ?" ಅಂದ. ಆ ಹೆಸರೇ ಅಂಟಿಕೊಂಡಿತು.

ನಾವು ಅಭ್ಯಾಸ ಮಾಡುತ್ತಿದ್ದುದು ಮಹ್ಜೂಬಾಳ ಅಡುಗೆಮನೆಯಲ್ಲಿ. ಒಂದು ದಿನ ಸೌಟು ಹಿಡಿದೇ ಬಂದು ನನ್ನ ಯಂತ್ರವನ್ನು ದುರುಗುಟ್ಟಿ ನೋಡಿದಳು.

"ಇದೇನೇ ಇದು, ಪೊಲೀಸ್ನೋರ ಥರ ಒಂದೇ ಸಮ ನಡೀತದೆ? ತಾಳ ಅಂದ್ಮೇಲೆ ಸ್ವಲ್ಪ ಕುಂಟಬೇಕು."

"ಯಂತ್ರ ಹೇಗೆ ಕುಂಟತ್ತೆ ಖಾಲ್ತಿ?" ಎಂದೆ. ಚಿಕ್ಕಮ್ಮ ಎಂದು ಕರೆಯುವುದು ನನಗೆ ಚಿಕ್ಕಂದಿನಿಂದ ರೂಢಿ.

"ನೀನು ಕುಂಟಿಸಿದ್ರೆ ಕುಂಟತ್ತೆ" ಎಂದು ಸೌಟಿನಿಂದ ಮೇಜಿನ ಮೇಲೆ ಬಡಿದು ತೋರಿಸಿದಳು. ಆ ಬಡಿತವನ್ನು ಯಂತ್ರಕ್ಕೆ ಕಲಿಸುವಷ್ಟರಲ್ಲಿ ನನ್ನ ತಲೆ ಕೆಟ್ಟು ಮೊಸರಾಯಿತು. ಕೊನೆಗೊಮ್ಮೆ ಅದು ಸರಿಯಾಗಿ ಕುಂಟಿದಾಗ ಅವಳು ಒಲೆ ಆರಿಸಿ, ಉಡುಪಿಗೆ ಕೈ ಒರೆಸಿಕೊಂಡು, ಅದರ ಮೇಲೆ ಒಂದು ಐತಾ ಕೂಗಿದಳು. ಲಾರ್ಬಿಯ ಬಾಯಿಂದ ಪದಗಳು ತಾವಾಗಿಯೇ ಬಂದವು. ಅಂದೇ ನಾವು ನಾವಾದೆವು.

ಆಮೇಲಿನದು ನಿಮಗೆ ಗೊತ್ತಿರಬಹುದು. ಕಾಸಾಬ್ಲಾಂಕಾ, ಮಾರ್ಸೇಯ್, ರಾಟರ್‌ಡ್ಯಾಮ್. ಇದು ರ‍್ಯಾಪೋ ಜಾನಪದವೋ ಎಂದು ಪತ್ರಿಕೆಯವರು ಒದ್ದಾಡಿದರು. ಜನ ಒದ್ದಾಡಲಿಲ್ಲ, ಕುಣಿದರು. ನಡುವೆ ಲಾರ್ಬಿ ಒಬ್ಬನೇ ದೊಡ್ಡವನಾಗುತ್ತೇನೆಂದು ಫ್ರಾನ್ಸಿಗೆ ಹೋದ, ಬಾಲ ಮುದುಡಿಕೊಂಡು ವಾಪಸು ಬಂದ. ಅವನ ತಾಯಿ ಏನೂ ಕೇಳದೆ ತಟ್ಟೆ ಹಾಕಿದಳು. ನಮ್ಮ ಎಲ್ಲಕ್ಕಿಂತ ಹೆಸರಾದ ಹಾಡು 'ಖಾಲಿ ದೋಣಿ'. ಮಹ್ಜೂಬಾ ಎರಡು ಸಾಲು ಕೂಗುತ್ತಾಳೆ:

ಕಡಲೇ ಕಡಲೇ, ಬಾಗಿಲ ತೆರೆಯೇ,
ದೋಣಿ ಬಂತು, ದೋಣಿಯವ ಬರಲಿಲ್ಲ.

ಅಲ್ಲಿಗೆ ಲಾರ್ಬಿಯ ರ‍್ಯಾಪ್ ಶುರು. ಮುಂದಿನ ಸಾಲುಗಳೂ ಇವೆ ಎಂದು ಗೊತ್ತಿತ್ತು. ಎಷ್ಟು ಕೇಳಿದರೂ "ಅದು ವೇದಿಕೆಗಲ್ಲ, ಬಿಡ್ರೋ" ಎನ್ನುತ್ತಿದ್ದಳು.

ಇನ್ನು ನನ್ನ ಅಮ್ಮ, ತಾಮೂ. ಅವಳ ಮನೆ ಮಹ್ಜೂಬಾಳ ಮನೆಯ ಎದುರಿಗೇ. ನನ್ನ ಅಪ್ಪ ಮೀನುಗಾರ. ನಾನಿನ್ನೂ ಜಡೆ ಹಾಕಿಸಿಕೊಳ್ಳುವ ವಯಸ್ಸಿನಲ್ಲಿ ಅವನ ದೋಣಿ ಖಾಲಿ ಬಂತು. ಮನೆತುಂಬ ಅಳು, ಅಂಗಳದಲ್ಲಿ ಕುರಾನ್ ಓದುವವರು. ಅಂಥಾ ಹೊತ್ತಿನಲ್ಲಿ ಎದುರು ಮನೆಯ ಮಾಳಿಗೆಯಿಂದ ಮಹ್ಜೂಬಾ ಈ ಐತಾ ಎತ್ತಿದಳು. ಸಾವಿನ ಮನೆಯ ಮುಂದೆ ಶೀಖಾ ಹಾಡುವುದೇ! ಗಂಡಸರು ಬೀದಿಗಿಳಿದು ಗದರಿದರು, ಅವಳು ನಿಲ್ಲಿಸಿದಳು. ಅಂದಿನಿಂದ ಅಮ್ಮ ಅವಳ ಜೊತೆ ಮಾತಾಡಲಿಲ್ಲ. ಆಶೂರಾ ಹಬ್ಬಕ್ಕೆ ಅಪ್ಪ ಕೊಡಿಸಿದ್ದ ನನ್ನ ಪುಟ್ಟ ಮಣ್ಣಿನ ತಮಟೆಯನ್ನು ಆ ಮನೆಗೆ ಒಯ್ದು ಬಾರಿಸಿದೆನೆಂದು ಕಿತ್ತುಕೊಂಡು, "ಒಡೆದುಹಾಕ್ದೆ" ಅಂದಳು. ನಾನು ಗುಂಪು ಸೇರಿ ಊರು ಬಿಟ್ಟ ಮೇಲೆ ಕೇಳಿದವರಿಗೆಲ್ಲ "ನನ್ನ ಮಗಳು ಕಾಸಾಬ್ಲಾಂಕಾದಲ್ಲಿ ಬ್ಯಾಂಕಲ್ಲಿದಾಳೆ" ಎನ್ನುತ್ತಿದ್ದಳು. ಹಬ್ಬಕ್ಕೆ ಬಂದರೆ ಹೊಟ್ಟೆ ಬಿರಿಯುವಷ್ಟು ಬಡಿಸುತ್ತಿದ್ದಳು. ಹಾಡಿನ ಸುದ್ದಿ ಎತ್ತಿದರೆ ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು.

ಸರಿ, ಹಜ್ ಸುದ್ದಿಗೆ ಬರೋಣ. ಲಾರ್ಬಿ ತಾಯಿಯ ಕಾಲ ಬಳಿ ಕೂತು ಗೋಗರೆದ.

"ಮುಂದಿನ ಸಲ ಹೋದ್ರೆ ಆಗಲ್ವಾ ಅಮ್ಮಿ? ನೀನಿಲ್ದೆ ನಮ್ಮನ್ನ ಯಾರು ಕೇಳ್ತಾರೆ?"

"ಮುಂದಿನ ಸಲಕ್ಕೆ ನಾನಿರ್ತೀನೋ ಇಲ್ವೋ" ಎಂದಳು ಮಹ್ಜೂಬಾ. "ಮಗನೇ, ಈ ಊರು ನನ್ನನ್ನ ಇಷ್ಟು ವರ್ಷ ಒಂದೇ ಹೆಸರಲ್ಲಿ ಕರೀತು. ಸಾಯೋದ್ರೊಳಗೆ ಒಂದ್ಸಲ ಹಾಜಿಯಮ್ಮ ಅಂತ ಕರೆಸ್ಕೋಬೇಕು ಅಂತ ಆಸೆ. ತಪ್ಪಾ?"

ಲಾರ್ಬಿ ಅವಳ ಮಂಡಿಗೆ ಹಣೆ ಹಚ್ಚಿದ.

ಕೋಟೆ ಬಯಲಿನಲ್ಲಿ ಸಂಜೆ ಬಿಸಿಲಿರುವಾಗಲೇ ಕೊನೆಯ ಕಾರ್ಯಕ್ರಮ ಮಾಡಿದೆವು. ಮುಗಿದ ಮೇಲೆ ಅವಳು ತನ್ನ ತಮಟೆಯನ್ನು ಬುಶ್ತಾನ ಮಡಿಲಲ್ಲಿಟ್ಟು, "ಇನ್ನು ಈ ಬಾಯಲ್ಲಿ ದೇವರ ಹೆಸರೊಂದೇ" ಎಂದು ನಿಯತ್ತು, ಅಂದರೆ ದೇವರೆದುರಿನ ಸಂಕಲ್ಪ, ಮಾಡಿದಳು. ಬುಶ್ತಾ ದೊಡ್ಡ ಮೀಸೆಯ ಗಂಡಸು, ಎಲ್ಲರೆದುರು ಗೊಳೋ ಎಂದು ಅತ್ತ.

ಇನ್ನುಳಿದದ್ದು ಕ್ಷಮೆ. ಹಜ್‌ಗೆ ಹೊರಟವರು ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಮನ್ನಿಸಿ ಎಂದು ಕೇಳಿಕೊಳ್ಳಬೇಕು. ಒಬ್ಬರ ಮನಸ್ಸಲ್ಲಿ ನೋವು ಉಳಿದಿದ್ದರೂ ಯಾತ್ರೆ ಭಾರವಾಗುತ್ತದೆ. ಅವಳಿಗೆ ಮಂಡಿನೋವು, ಹಾಗಾಗಿ ನಾನು ತೋಳು ಹಿಡಿದು ಜೊತೆಗೆ ಹೋದೆ. ನನಗೋ ಮೈಯೆಲ್ಲ ಉರಿ. ಮಗಳ ಮದುವೆಗೆ ಇವಳಿಂದ ಬೆಳಗಾಗುವವರೆಗೆ ಹಾಡಿಸಿಕೊಂಡು, ಊಟವನ್ನು ಮಾತ್ರ ಹಿತ್ತಿಲಲ್ಲಿ ಹಾಕಿದವರು ಈಗ ದಿಂಬಿಗೊರಗಿ "ಕ್ಷಮಿಸಿದೀವಿ ಬಿಡಮ್ಮ" ಎನ್ನುತ್ತಿದ್ದರು.

"ತಪ್ಪು ಮಾಡಿದ್ದು ಅವರು, ಕ್ಷಮೆ ಕೇಳೋದು ನೀನಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು" ಎಂದು ಬೀದಿಯಲ್ಲೇ ರೇಗಿದೆ.

"ಸುಮ್ನಿರೇ, ಅವರ ಲೆಕ್ಕ ಅವರಿಗೆ" ಎಂದು ನನ್ನ ಕೈ ಅದುಮಿದಳು.

ಎಲ್ಲ ಬಾಗಿಲೂ ಆಯಿತು. ಉಳಿದದ್ದು ನನ್ನ ಅಮ್ಮನ ಬಾಗಿಲು. ಮೊದಲ ಸಲ ಹೋದಾಗ ಅಮ್ಮ ಒಳಗಿದ್ದೂ ತೆರೆಯಲಿಲ್ಲ. ಎರಡನೆಯ ಸಲ ಒಳಗಿನಿಂದ ಅಗುಳಿ ಹಾಕಿದ ಸದ್ದು ಕೇಳಿಸಿತು. ಮಹ್ಜೂಬಾ ಮನೆಗೆ ಬಂದು, ಕಟ್ಟಿಟ್ಟಿದ್ದ ಪೆಟ್ಟಿಗೆಯ ಹಗ್ಗ ಬಿಚ್ಚತೊಡಗಿದಳು.

"ಏನ್ಮಾಡ್ತಿದೀಯ ಖಾಲ್ತಿ?"

"ತಾಮೂ ಕ್ಷಮಿಸ್ದೆ ನಾನು ಹೋಗಲ್ಲ ಕಣೇ. ಉಳಿದೋರಿಗೆ ನಾನೇನೂ ಮಾಡಿರ್ಲಿಲ್ಲ. ಅವಳಿಗೆ ಮಾಡಿದೀನಿ."

ನಿಜ ಹೇಳಲೇ? ಲಾರ್ಬಿಯ ಕಣ್ಣಲ್ಲಿ ಒಂದು ಗಳಿಗೆ ಆಸೆ ಮಿಂಚಿತು. ಮರುಗಳಿಗೆಯೇ ಅವನೇ ಕೂತು ಆ ಹಗ್ಗವನ್ನು ಮತ್ತೆ ಬಿಗಿದು ಕಟ್ಟಿದ. "ಇನ್ನೊಂದ್ಸಲ ಹೋಗಿ ಬಾ ಅಮ್ಮಿ" ಎಂದ. ಅವನು ನನ್ನ ಕಣ್ಣಲ್ಲಿ ಅಂದು ಎಷ್ಟು ದೊಡ್ಡವನಾದನೋ, ಯಾವ ವೇದಿಕೆಯ ಮೇಲೂ ಅಷ್ಟು ಆಗಿರಲಿಲ್ಲ.

ಶುಕ್ರವಾರ ಮಧ್ಯಾಹ್ನ, ಎಲ್ಲರ ಮನೆಯ ಕುಸ್ಕುಸ್ ಊಟವಾದ ಮೇಲೆ, ಮೂರನೆಯ ಸಲ ಹೋದೆವು. ನಾನು ಬಾಗಿಲು ಬಡಿಯಲಿಲ್ಲ, ಗುದ್ದಿದೆ.

"ತೆಗೀತೀಯೋ ಇಲ್ಲ ಮುರೀಲೋ? ಒಂದು ಮಾತು 'ಕ್ಷಮಿಸ್ದೆ' ಅಂದ್ರೆ ನಿನ್ನ ಗಂಟೇನು ಹೋಗತ್ತಮ್ಮಾ?"

ಬಾಗಿಲು ತೆರೆಯಿತು. ಅಮ್ಮ ನನ್ನನ್ನು ನೋಡಲೇ ಇಲ್ಲ. ಮಹ್ಜೂಬಾ ತಲೆ ತಗ್ಗಿಸಿ ನಿಂತು, 'ಲಲ್ಲಾ' ಎಂದು ಗೌರವದಿಂದ ಕರೆದಳು.

"ಲಲ್ಲಾ ತಾಮೂ, ಅವತ್ತು ನಿಮ್ಮ ಮನೇಲಿ ಸಾವಾಗಿತ್ತು, ನಾನು ಹಾಡ್ದೆ. ಅಗೌರವಕ್ಕಲ್ಲ. ನನಗೆ ಅಳೋಕೆ ಬೇರೆ ದಾರಿ ಗೊತ್ತಿರ್ಲಿಲ್ಲ. ಹಾಡಿದ್ದಕ್ಕೆ ಕ್ಷಮಿಸಿಬಿಡಿ."

ಅಮ್ಮ, "ಹಾಡಿದ್ದಕ್ಕೆ ಯಾರೇ ಸಿಟ್ಟು ಮಾಡ್ಕೊಂಡಿದ್ದು?" ಎಂದಳು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

"ಸುತ್ತ ಕೂತೋರೆಲ್ಲ ತಾಳ್ಮೆ ತಗೋ, ತಾಳ್ಮೆ ತಗೋ ಅಂತಿದ್ರು. ನನ್ನ ಹೊಟ್ಟೇಲಿರೋದನ್ನ ಕೂಗಿದೋಳು ನೀನೊಬ್ಬಳೇ. 'ದೋಣಿಯವ ಬರಲಿಲ್ಲ' ಅಂದೆ. ಆಮೇಲೇನು ಅಂತ ಕಿವಿ ನೆಟ್ಟು ಕೂತಿದ್ದೆ. ಆ ಗಂಡಸರು ಗದರಿದ ತಕ್ಷಣ ಬಾಯಿ ಮುಚ್ಚಿಬಿಟ್ಯಲ್ಲೇ! ನನ್ನ ಅಲ್ಲೇ ಕಡಲಲ್ಲೇ ಬಿಟ್ಟು ಹೋದೆ." ಅಮ್ಮ ನನ್ನತ್ತ ಕೈ ತೋರಿದಳು. "ಇವಳ ಗುಂಪಿನ ಸಿ.ಡಿ. ಬಂದಾಗ ಕದ್ದು ಕೇಳ್ದೆ, ಅದರಲ್ಲಾದ್ರೂ ಉಳಿದಿದ್ದು ಇರತ್ತೇನೋ ಅಂತ. ಅಲ್ಲೂ ಎರಡೇ ಸಾಲು! ಅಷ್ಟರಲ್ಲಿ ನಿನ್ನ ಮಗ, ನಾಯಿ ಅಟ್ಟಿಸ್ಕೊಂಡು ಬಂದೋರ ಥರ ಗಡಗಡಗಡ ಶುರು ಹಚ್ಕೊಂಡ."

ನನಗೆ ನಗು ಬಂತು, ಅಳುವೂ ಬಂತು. ಬ್ಯಾಂಕಿನ ಮಗಳ ಹಾಡುಗಳನ್ನು ಇವಳು ಕೇಳುತ್ತಲೇ ಇದ್ದಳು.

"ಇನ್ನು ಹಾಡಲ್ಲ ಅಂತ ನಿಯತ್ತು ಮಾಡ್ಬಿಟ್ಟೆ, ತಾಮೂ" ಎಂದಳು ಮಹ್ಜೂಬಾ ಮೆಲ್ಲಗೆ.

"ಬಾಕಿ ಇಟ್ಕೊಂಡು ಹಜ್‌ಗೆ ಹೋಗ್ತಾರೇನೇ? ಇದು ಹಾಡಲ್ಲ, ನನ್ನ ಬಾಕಿ."

ಹಾಗೆಂದು ನಮ್ಮನ್ನು ಅಂಗಳಕ್ಕೆ ಕರೆದು ಅಮ್ಮ ಒಳಗೆ ಹೋದಳು. ಬರುವಾಗ ಕೈಯಲ್ಲಿ ಒಂದು ಪುಟ್ಟ ಮಣ್ಣಿನ ತಮಟೆ. ಅದರ ಅಂಚಿನಲ್ಲಿ ಅಪ್ಪ ಗೋರಂಟಿಯಲ್ಲಿ ಬಿಡಿಸಿದ ಮೀನು ಇನ್ನೂ ಇತ್ತು. ಒಡೆದುಹಾಕಿದೆ ಎಂದಿದ್ದಳು! ಚಹಾ ಕಾಯಿಸಿದ ಅಗ್ಗಿಷ್ಟಿಕೆಯ ಮುಂದೆ ಕೂತು, ಸಡಿಲಾಗಿದ್ದ ಚರ್ಮವನ್ನು ಕೆಂಡದ ಮೇಲೆ ಹಿಡಿದು, ತಿರುಗಿಸಿ ತಿರುಗಿಸಿ ಕಾಯಿಸಿದಳು. ಬೆರಳಿನಿಂದ ಮೀಟಿ ಕೇಳಿದಳು, ಇನ್ನಷ್ಟು ಕಾಯಿಸಿದಳು. ಬಿಗಿಯಾದ ಮೇಲೆ ನನ್ನ ಕೈಗೆ ಕೊಟ್ಟಳು.

"ಹಿಡಿ. ಕುಂಟಿಸಿ ಬಾರಿಸು" ಎಂದಳು.

ಬಾರಿಸಿದೆ. ಮಹ್ಜೂಬಾ ಕಣ್ಣು ಮುಚ್ಚಿ, ನೆಲದ ಮೇಲೆ ಅಮ್ಮನ ಎದುರಿಗೆ ಕೂತು, ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದ ಎತ್ತಿಕೊಂಡಳು.

ಬಾರದವನ ರೊಟ್ಟಿ ಮಗಳಿಗೆ ಸೇರಲಿ,
ಬಾರದವನ ದನಿಯೂ ಮಗಳಿಗೆ ಸೇರಲಿ,
ಅತ್ತು ಸೋತವಳೇ, ಬಾಗಿಲ ತೆರೆಯೇ,
ಬಂದವಳು ನಾನು, ನಿನ್ನ ನೆರೆಯವಳು.

ಅಮ್ಮ ಅತ್ತಳು. ಅಪ್ಪ ಹೋದಾಗಲೂ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಮಹ್ಜೂಬಾ ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು. ನಾನು ಬಾರಿಸುತ್ತಲೇ ಇದ್ದೆ, ನಿಲ್ಲಿಸಿದರೆ ಎಲ್ಲ ನಿಂತುಹೋದೀತೆಂದು ಭಯವಾಗಿತ್ತು.

"ಕ್ಷಮಿಸ್ದೆ ಕಣೇ, ಹೋಗಿ ಬಾ" ಎಂದಳು ಅಮ್ಮ, ಮೂಗು ಒರೆಸಿಕೊಳ್ಳುತ್ತ. "ಬಾಗಿಲು ಹಾಕಿದ್ದಕ್ಕೆ ನೀನೂ ನನ್ನ ಕ್ಷಮಿಸು."

ಮಹ್ಜೂಬಾ ಹೋಗಿಬಂದಳು. ಈಗ ಊರಿಗೆಲ್ಲ ಅವಳು ಹಾಜಿಯಮ್ಮ. ಹಾಡುವುದಿಲ್ಲ. ಆದರೆ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು, ಬಾಯಿ ತೆರೆಯದೆ ಸೌಟಿನಲ್ಲೇ ಬಡಿದು ಬಡಿದು ನನ್ನ ಹಾಡು ತಿದ್ದುತ್ತಾಳೆ. ನನ್ನ ಗಂಟಲು ಅವಳದರ ಕಾಲ ಧೂಳಿಗೂ ಸಮವಲ್ಲ, ಆದರೂ ಗುಂಪು ಉಳಿದಿದೆ.

ಮೊನ್ನೆ ಕೋಟೆ ಬಯಲಿನಲ್ಲಿ ಮತ್ತೆ 'ಖಾಲಿ ದೋಣಿ' ಹಾಡಿದೆವು. ಯಂತ್ರ ಬಿಟ್ಟು, ಅಪ್ಪನ ಮೀನಿನ ತಮಟೆ ಹಿಡಿದು ಮುಂದೆ ನಿಂತೆ. ಎಲ್ಲ ಸಾಲುಗಳೂ ಮುಗಿಯುವವರೆಗೆ ಲಾರ್ಬಿ ಕೈಕಟ್ಟಿ ಕಾದ, ಆಮೇಲಷ್ಟೇ ಬಾಯಿ ತೆರೆದ. ಮುಂದಿನ ಸಾಲಿನಲ್ಲಿ ಬಿಳಿ ವಸ್ತ್ರದ ಹಾಜಿಯಮ್ಮ, ಪಕ್ಕದಲ್ಲಿ ನನ್ನ ಅಮ್ಮ. ಹಿಂದೆ ಕೂತಿದ್ದ ಹೆಂಗಸೊಬ್ಬಳು ಬಾಗಿ ಕೇಳಿದಳಂತೆ, "ಅದು ನಿಮ್ಮ ಘಾಲಿಯಾ ಅಲ್ವಾ? ಬ್ಯಾಂಕಲ್ಲಿದಾಳೆ ಅಂತಿದ್ರಿ?"

ಅಮ್ಮನ ಉತ್ತರ ನನಗೆ ವೇದಿಕೆಯ ಮೇಲಕ್ಕೇ ಕೇಳಿಸಿತು.

"ಯಾವ ಬ್ಯಾಂಕು? ನನ್ನ ಮಗಳು ಶೀಖಾ."