ಬಂದವರಿಗೆ ಬಳಿದ ಬಣ್ಣ

ಬಾಗಿಲು ತೆರೆದೊಡನೆ ಹೊಸ ಬಣ್ಣದ ವಾಸನೆ ಮೂಗಿಗೆ ಬಡಿದು ರೆನೆಟ್ಟಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಹೋದ ವರ್ಷದ ಚಂಡಮಾರುತದಲ್ಲಿ ಸೊಂಟದೆತ್ತರ ನೀರು ನಿಂತು ಮೂಡಿದ್ದ ಕಂದು ಗೆರೆ ಗೋಡೆಯಿಂದ ಮಾಯವಾಗಿತ್ತು. ಈಗ ಅಲ್ಲಿ ಅಚ್ಚ ಹಳದಿ. ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಟ್ಟೆ ಹಾಸಿ, ಪೀಚ್ ಹಣ್ಣಿನ ಸಿಹಿತಿಂಡಿ, ಬಿಸಿಬಿಸಿ ಕಾಬ್ಲರ್ ಬೇರೆ ಇಟ್ಟಿದ್ದಳು ದೊಡ್ಡಮ್ಮ ಅರ್ಲೀನ್.

ಹಿಂದೆಯೇ ನಗರಸಭೆಯ ಕಾರ್ಸ್ಟೆನ್ಸ್ ಮತ್ತು ಇಬ್ಬರು ಅಧಿಕಾರಿಗಳು ಒಳಬಂದರು. ಪ್ರವಾಹ ತಡೆಯುವ ಯೋಜನೆಗೆ ಈ ವರ್ಷ ದುಡ್ಡಿದ್ದದ್ದು ಒಂದೇ ಬಡಾವಣೆಗೆ. ಬೆಳಿಗ್ಗೆ ಅವರು ಕಾಲುವೆಯಾಚೆಯ ಓಕ್‌ಮಾಂಟ್ ನೋಡಿದ್ದರು. ಅಲ್ಲಿಯವರು ಹಾಳಾದ ಸೋಫಾಗಳನ್ನೆಲ್ಲ ಬೀದಿಗೆ ಎಳೆದು ತೋರಿಸಿದ್ದರಂತೆ. ಈಗ ದೊಡ್ಡಮ್ಮನ ಬಡಾವಣೆ ಟಿಲ್‌ಮನ್ ಬಾಟಮ್ ಸರದಿ. ಇಲ್ಲಿಯೇ ಹುಟ್ಟಿ ಬೆಳೆದವಳೆಂದು ರೆನೆಟ್ಟಾಳನ್ನು ಬಡಾವಣೆ ಆರಿಸುವ ಸಮಿತಿಗೆ ಸೇರಿಸಿಕೊಂಡಿದ್ದರು. ಶುಕ್ರವಾರ ಬರುತ್ತೇವೆಂದು ದೊಡ್ಡಮ್ಮನಿಗೆ ಫೋನು ಮಾಡಿದವಳೂ ಅವಳೇ. ತಾನೆಂಥ ಬುದ್ಧಿಗೇಡಿ! ಮನೆಗೆ ಜನ ಬರುತ್ತಾರೆಂದರೆ ಬಾಟಮ್‌ನ ಹೆಂಗಸರು ಏನು ಮಾಡುತ್ತಾರೆಂದು ಗೊತ್ತಿರಲಿಲ್ಲವೇ? ಬೀದಿಗೆ ಬೀದಿಯೇ ಗುಡಿಸಿ ತೊಳೆದು ಫಳಫಳ ಹೊಳೆಯುತ್ತಿತ್ತು.

"ಎಷ್ಟು ಚೆನ್ನಾಗಿಟ್ಕೊಂಡಿದ್ದೀರಮ್ಮ ಮನೇನ," ಕಾರ್ಸ್ಟೆನ್ಸ್ ಸುತ್ತ ನೋಡಿದಳು. "ನೀರು ಹೆಚ್ಚೇನೂ ಬಂದಿರ್ಲಿಲ್ಲ ಅನ್ಸತ್ತೆ?"

"ಬಂತು, ಹೋಯ್ತು. ದೇವರ ದಯೆ, ನಮಗೇನೂ ಕಮ್ಮಿ ಇಲ್ಲ," ದೊಡ್ಡಮ್ಮ ಬೀಗಿದಳು. "ಕೂತ್ಕೊಳ್ಳಿ, ತಿನ್ನಿ."

ಒಬ್ಬ ಅಧಿಕಾರಿ ಗಡಿಯಾರ ನೋಡಿಕೊಂಡ. ಓಕ್‌ಮಾಂಟ್ ಗೆದ್ದಂತೆಯೇ ಎಂದು ರೆನೆಟ್ಟಾಗೆ ಅರ್ಥವಾಯಿತು. ಹೋದ ಸಲ ದೊಡ್ಡಮ್ಮನನ್ನು ಅಡುಗೆಮನೆಯ ಕಟ್ಟೆಯ ಮೇಲಿಂದ ದೋಣಿಗೆ ಎತ್ತಿಕೊಂಡಿದ್ದರು. ಇನ್ನೊಂದು ಪ್ರವಾಹ ತಾಳುವ ಜೀವವಲ್ಲ ಅದು.

ಅವಳು ದೊಡ್ಡಮ್ಮನನ್ನು ಅಡುಗೆಮನೆಗೆ ಎಳೆದಳು. "ಬಣ್ಣ ಯಾಕೆ ಬಳಿದೆ? ಇದ್ದದ್ದು ಇದ್ದ ಹಾಗೆ ಹೇಳು ದೊಡ್ಡಮ್ಮ, ದಮ್ಮಯ್ಯ ಅಂತೀನಿ."

"ಬಂದೋರ ಮುಂದೆ ಕೊಳಕು ಲಂಗ ಎತ್ತಿ ತೋರಿಸ್ಬೇಕಾ? ನಿಮ್ಮಮ್ಮ ಇದ್ದಿದ್ರೆ ಕೆನ್ನೆಗೆ ಬಿಟ್ಟಿರೋಳು. ಭಿಕ್ಷೆ ಬೇಡೋ ಮನೆತನ ಅಲ್ಲ ಕಣೇ ನಮ್ದು."

ಹೊರಗೆ ಕುರ್ಚಿಗಳು ಸರಿದವು. ಹೊರಟೇಬಿಟ್ಟರು! ರೆನೆಟ್ಟಾ ಓಡಿಬಂದು, ಕಾಬ್ಲರ್ ಬಡಿಸುವ ಚಮಚ ಎತ್ತಿಕೊಂಡು, ಸೊಂಟದೆತ್ತರಕ್ಕೆ ಗೋಡೆ ಕೆರೆದಳು. ಹಳದಿ ಸಿಪ್ಪೆ ಎದ್ದುಬಂತು. ಒಳಗೆಲ್ಲ ಕಪ್ಪು ಬೂಷ್ಟು. ಗೋಡೆ ನೆನೆದ ಬ್ರೆಡ್ಡಿನ ಹಾಗೆ ಕುಸಿದು, ಚಮಚ ಹಿಡಿಯವರೆಗೂ ಒಳಗೆ ಹೋಯಿತು. ಕೊಳೆತ ನಾತ ಕೋಣೆ ತುಂಬಿತು.

ದೊಡ್ಡಮ್ಮನ ಮುಖ ನೋಡಲು ರೆನೆಟ್ಟಾಗೆ ಧೈರ್ಯ ಸಾಲಲಿಲ್ಲ.

"ಇದರ ಪಕ್ಕದಲ್ಲೇ ಮಲಗ್ತೀರಾ?" ಕಾರ್ಸ್ಟೆನ್ಸ್ ಕೇಳಿದಳು.

"ಮತ್ತೆಲ್ಲಿ ಮಲಗ್ಲಿ?" ದೊಡ್ಡಮ್ಮ ಮೇಜಿನ ಬಟ್ಟೆಯ ಅಂಚು ನೇರಮಾಡಿದಳು. "ಈ ಬೀದಿಯವರೆಲ್ಲ ಹೀಗೇ ಮಲಗೋದು."

ಕಾರ್ಸ್ಟೆನ್ಸ್ ಜೊತೆಯವರತ್ತ ನೋಡಿದಳು. ಇಬ್ಬರೂ ತಲೆಯಾಡಿಸಿದರು. "ಈ ವರ್ಷದ ದುಡ್ಡು ಇಲ್ಲಿಗೇ," ಎಂದಳು.

ಅವರು ಹೊರಡುವಾಗ ದೊಡ್ಡಮ್ಮ ಬಾಗಿಲಲ್ಲಿ ನಿಂತು, ಕಾಬ್ಲರನ್ನು ಬೆಳ್ಳಿ ಹಾಳೆಯಲ್ಲಿ ಸುತ್ತಿ ಒಬ್ಬೊಬ್ಬರ ಕೈಗೂ ಕೊಟ್ಟಳು. ಆ ಮನೆಯಿಂದ ಯಾರೂ ಬರಿಗೈಲಿ ಹೋದದ್ದಿಲ್ಲ. ಕೊನೆಯಲ್ಲಿ ರೆನೆಟ್ಟಾ ಕೈ ಚಾಚಿದಳು.

"ನಿಂಗೆ ಆ ಚಮಚ ಸಾಕು," ಎಂದು ದೊಡ್ಡಮ್ಮ ಬಾಗಿಲು ಹಾಕಿಕೊಂಡಳು.