ಟೋಕಿಯೋದ ಮೂಲಂಗಿ ಗಣಪತಿ

ಟೋಕಿಯೋದಲ್ಲಿ ಗಣಪತಿಗೆ ಮೂಲಂಗಿ ನೈವೇದ್ಯ ಮಾಡುತ್ತಾರೆ ಎಂದು ನಾನು ಹೇಳಿದಾಗ, ಅಮೆರಿಕದ ಟೋಟೆಮ್ ಲೇಕಿನಲ್ಲಿ ಕೇಶವನ ಮನೆಯಲ್ಲಿ ಚೌತಿ ಊಟಕ್ಕೆ ಕೂತಿದ್ದವರೆಲ್ಲ ನಕ್ಕರು.

ಅದಕ್ಕೆ ಮುಂಚೆ, ಅಸಾಕುಸ ದೇವಸ್ಥಾನದ ಬಾಗಿಲಲ್ಲಿ ತೂಗುವ ಕೆಂಪು ಲಾಟೀನಿನೊಳಗೆ ಎರಡು ಮದುವೆ ನಡೆಯುತ್ತಿದ್ದವು ಎಂದಿದ್ದೆ. ಮೇಜಿ ದೇಗುಲದ ಮರದ ಕಮಾನಿನ ಕೆಳಗೆ ಮೋಡಗಳು ತಲೆ ಬಗ್ಗಿಸಿ ಹೋಗುತ್ತವೆ ಎಂದಿದ್ದೆ. ಅದನ್ನೆಲ್ಲ ಖುಷಿಯಾಗಿ ಕೇಳಿದ್ದರು. ನಿಜ ಹೇಳಿದ ಕೂಡಲೇ ಸಿಕ್ಕಿಬಿದ್ದೆ.

“ಚನ್ನವೀರಣ್ಣ, ಕಡುಬು ತಿನ್ನೋ ದೇವ್ರಿಗೆ ಮೂಲಂಗೀನಾ? ಹುಳಿ ಮಾಡ್ಕೊಳ್ಳಕ್ಕಾ?” ಎಂದ ಕೇಶವ.

“ಹಸೀದೇ ಕಣಪ್ಪ, ತೋಳಿನಷ್ಟುದ್ದ. ಪ್ರಸಾದ ಅಂತ ನಮ್ಗೂ ಒಂದು ಕೊಟ್ರು.”

“ಎಲ್ಲಿ, ತೋರ್ಸಿ.”

“ಅಮೆರಿಕದೊಳಗೆ ಬಿಡಲ್ಲ ಅಂದ್ರು. ಏರ್‌ಪೋರ್ಟಲ್ಲೇ ತಿಂದ್ವಿ.”

“ಗಣಪತಿ ಫೋಟೋ?”

“ಅಲ್ಲಿ ಮೂರ್ತಿ ಯಾರ್ಗೂ ತೋರ್ಸಲ್ಲ.”

“ಮೂಲಂಗಿ ಹೊಟ್ಟೇಲಿ, ದೇವ್ರು ಬಾಗಿಲೊಳಗೆ. ಚೆನ್ನಾಗಿ ಜೋಡ್ಸಿದೀರ.”

ನನ್ನ ಸುಳ್ಳಿಗೆ ಜನ ನಕ್ಕರೆ ನನಗೆ ಪಾಯಸ ಕುಡಿದಷ್ಟು ಸಂತೋಷ. ಈ ನಗು ಮಾತ್ರ ಹಿಡಿಸಲಿಲ್ಲ. ನಾನು ಕೈಮುಗಿದು ಬಂದ ದೇವರಲ್ಲವೇ ಅವನು?

ಸಾಕ್ಷಿಗೆ ಇದ್ದವಳು ಒಬ್ಬಳೇ, ಪಕ್ಕದಲ್ಲಿ ಕೂತ ನನ್ನ ಮೊಮ್ಮಗಳು ಜಾಹ್ನವಿ. ಬೆಂಗಳೂರಿನಿಂದ ಬರುವಾಗ ನನ್ನ ಜೊತೆ ಟೋಕಿಯೋದಲ್ಲಿ ಇಳಿದಿದ್ದಳು. ಇಲ್ಲೇ ಹತ್ತಿರದ ಸಮಾಮಿಶ್ ಊರಲ್ಲಿ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು.

“ನೀನೇ ಹೇಳು ಪುಟ್ಟ,” ಎಂದ ಕೇಶವ. “ತಾತ ಹೇಳಿದ್ದೆಲ್ಲ ನಿಜಾನಾ?”

‘ಎಲ್ಲ’ ಎಂದನಲ್ಲ, ಅಲ್ಲೇ ತೊಡಕು. ಲಾಟೀನು ಸುಳ್ಳು ಎಂದುಬಿಟ್ಟರೆ ಮೂಲಂಗಿಯೂ ಅದರ ಜೊತೆಗೇ ಮುಳುಗುತ್ತದೆ.

ಜಾಹ್ನವಿ ಕೈಯಲ್ಲಿದ್ದ ಕಡುಬು ಎಲೆಗಿಟ್ಟಳು.

“ಮೂಲಂಗಿ ನಿಜ,” ಎಂದಳು, ಕನ್ನಡದಲ್ಲೇ. “ದೇವ್ರ ಮುಂದೆ ಸಾಲಾಗಿ ಇಟ್ಟಿದ್ರು. ಪ್ರಸಾದ ತುಂಬಾ ಖಾರ ಇತ್ತು. ತಾತ ಅತ್ತುಬಿಟ್ರು.”

ಕೇಶವ ನನ್ನ ಮುಖ ನೋಡಿದ. ಎದ್ದು ಹೋಗಿ ಫ್ರಿಜ್ಜಿನಿಂದ ಒಂದು ಮೂಲಂಗಿ ತಂದು, ತೊಳೆದು, ಗಣಪತಿಯ ಮುಂದೆ ಕಡುಬಿನ ಪಕ್ಕ ಇಟ್ಟ.

“ಇರ್ಲಿ. ಅವ್ನಿಗೆ ಅಭ್ಯಾಸ ಇದೆಯಂತಲ್ಲ,” ಎಂದು ಮತ್ತೆ ಅವಳ ಕಡೆ ತಿರುಗಿದ. “ಆ ಲಾಟೀನು? ಎರಡು ಮದುವೆ?”

ಅವಳು ನನ್ನನ್ನೊಮ್ಮೆ ಓರೆಯಾಗಿ ನೋಡಿದಳು.

“ಎರಡಲ್ಲ ಅಂಕಲ್, ಮೂರು. ಒಂದ್ರಲ್ಲಿ ನಮ್ಗೂ ಊಟ ಹಾಕಿದ್ರು. ತಾತ ಮರ್ತಿದಾರೆ.”

ಏನೇನು ಬಡಿಸಿದರು ಎಂದು ಯಾರೋ ಕೇಳಿದರು. ಅವಳು ಎಲೆಯ ತುದಿಯ ಉಪ್ಪಿನಿಂದ ಶುರುಮಾಡಿದಳು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, ಬಾಯಿ ಮುಚ್ಚಿ ಕೇಳುತ್ತ ಕೂತೆ.